ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವಳ ಕೆಲಸದ ಕಥೆ

ನನ್ನ ಜಾಗಕ್ಕೆ ಬಂದಿರುವ ರಶ್ಮಿ ಎಂ.ಟೆಕ್. ಮಾಡಿದ್ದಾಳೆ. ಮೈಸೂರಿನ ಹುಡುಗಿ, ಗಂಡನ ಕೆಲಸದ ಹಿಂದೆ ಜರ್ಮನಿಗೆ ಬಂದವಳು. ಅವಳ ಸರ್ಟಿಫಿಕೇಟುಗಳು ಮಾನ್ಯತೆಗಾಗಿ ಯಾವುದೋ ಆಫೀಸಿನ ಮೇಜಿನ ಮೇಲೆ ಒಂದೂವರೆ ವರ್ಷದಿಂದ ಮಲಗಿವೆ. ಅವು ಎದ್ದು ಕೂರುವವರೆಗೆ ಮನೆಯ ಗೋಡೆ ನೋಡುತ್ತಾ ಇರಲಾರೆ ಎಂದು ನಮ್ಮ ಆಲ್ಟ್ರೇಷನ್ ಅಂಗಡಿಗೆ ಸೇರಿದಳು. ನಾನು ಓದಿದ್ದು ತುಮಕೂರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ. ನಾಲ್ಕನೇ ಕ್ಲಾಸಿನವಳು ಎಂ.ಟೆಕ್.ನವಳಿಗೆ ಪ್ಯಾಂಟಿನ ಕಾಲು ಗಿಡ್ಡ ಮಾಡುವುದನ್ನು ಹೇಳಿಕೊಡುವಾಗ ಒಳಗೊಳಗೆ ಎಷ್ಟು ಖುಷಿಯಾಯಿತು ಎಂದು ಬರೆದರೆ ನೀವು ನನ್ನನ್ನು ಕೆಟ್ಟವಳು ಅಂದುಕೊಳ್ಳುತ್ತೀರಿ. ಆದ್ದರಿಂದ ಬರೆಯುವುದಿಲ್ಲ.

ಮೊದಲ ವಾರವೇ ಅವಳು ಕೇಳಿದಳು: "ಆಂಟಿ, ಆ ಅಮೆರಿಕನ್ ಲೇಡೀಸ್ ಕೋಟುಗಳನ್ನ ಮಾತ್ರ ಇಲ್ಲಿಗೆ ತರ್ತಾರಲ್ಲ, ಅವರ ಅಕ್ಷರದ ಜಾಕೆಟ್ ಯಾಕೆ ಕೊಡಲ್ಲ? ಫ್ರಾವ್ ಹೂಬರ್‌ನ ಕೇಳಿದ್ರೆ, 'ಅದನ್ನ ಯಯಮ್ಮನ್ನೇ ಕೇಳು' ಅಂತಾರೆ."

ಯಯಮ್ಮ ಎಂದರೆ ನಾನೇ, ಜಯಮ್ಮ. ಫ್ರಾವ್ ಹೂಬರ್ ಅಂಗಡಿಯ ಯಜಮಾನಿ. ಮೂವತ್ತು ವರ್ಷದಲ್ಲಿ ಆಕೆ ನನಗೆ ಕಲಿಸದ ಬೈಗುಳ ಜರ್ಮನ್ ಭಾಷೆಯಲ್ಲಿ ಉಳಿದಿಲ್ಲ. ನಾನು ಆಕೆಗೆ ಕಲಿಸಲು ಹೋದದ್ದು ನನ್ನ ಹೆಸರಿನ ಮೊದಲ ಅಕ್ಷರವನ್ನು. ಅದೂ ಬರಲಿಲ್ಲ.

ರಶ್ಮಿಗೆ ಉತ್ತರ ಹೇಳಲು ಹೋದರೆ ಅರ್ಧ ದಿನ ಬೇಕು, ಅಷ್ಟರಲ್ಲಿ ಆರು ಪ್ಯಾಂಟು ಹೊಲಿಯಬಹುದು. ಅದಕ್ಕೇ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಬೇರೆ ಹೆಣ್ಣುಮಕ್ಕಳೂ ಓದಲಿ. ಕಾಗುಣಿತ ತಿದ್ದಿದ್ದು ಮಗಳು ಶೈಲಾ, ತಪ್ಪು ಉಳಿದಿದ್ದರೆ ಅವಳದು. ಮೊದಲೇ ಹೇಳಿಬಿಡುತ್ತೇನೆ: ಆ ಜಾಕೆಟ್ಟುಗಳು ಬರದಿರುವುದಕ್ಕೆ ಕಾರಣ ನನ್ನ ಬಾಯಿ, ನನ್ನ ಕತ್ತರಿ ಮತ್ತು ನನ್ನ ಸಂತೋಷ. ಆ ಸಂತೋಷದ ಭರದಲ್ಲಿ ನನ್ನ ಒಬ್ಬಳೇ ಮೊಮ್ಮಗಳು ಗೌರಿ ಚಿಕ್ಕಂದಿನಿಂದ ಆಸೆಪಟ್ಟಿದ್ದನ್ನು ಅವಳ ಕೈ ತಪ್ಪಿಸುವುದರಲ್ಲಿದ್ದೆ.

ನಮ್ಮ ಯಜಮಾನರು ಟೂಲ್ ಮೇಕರ್. ಬೆಂಗಳೂರಿನ ಕಾರ್ಖಾನೆಯವರು ಆರು ತಿಂಗಳ ತರಬೇತಿಗೆಂದು ರೇಗನ್ಸ್‌ಬರ್ಗಿಗೆ ಕಳಿಸಿದರು. ಇಲ್ಲಿಯವರು ಅವರ ಕೈಕೆಲಸ ನೋಡಿ ಇಟ್ಟುಕೊಂಡರು. ನಾನು ಶೈಲಾಳನ್ನು ಕರೆದುಕೊಂಡು ಹಿಂದೆ ಬಂದೆ. ಬಾಡಿಗೆ ಕಡಿಮೆ ಎಂದು ರೈಲಿನಲ್ಲಿ ಒಂದು ಗಂಟೆ ದೂರದ ಈ ಊರಿನಲ್ಲಿ ಇಳಿದೆವು. ಪಕ್ಕದಲ್ಲೇ ಅಮೆರಿಕದ ಸೇನೆಯ ಶಿಬಿರ. ಸೈನಿಕರು ಎಂದಮೇಲೆ ಯೂನಿಫಾರ್ಮು, ಯೂನಿಫಾರ್ಮು ಎಂದಮೇಲೆ ಹೆಸರಿನ ಪಟ್ಟಿ, ಬಿಲ್ಲೆ, ಬಡ್ತಿ ಸಿಕ್ಕಾಗ ಹೊಸ ಬಿಲ್ಲೆ. ಅವರು ಯುದ್ಧ ಮಾಡಿದರೋ ಬಿಟ್ಟರೋ, ಬಟ್ಟೆಗಂತೂ ದಿನಾ ಕೆಲಸ ಇತ್ತು.

ಕೆಲಸ ಕೇಳಲು ಹೋದ ದಿನ ಫ್ರಾವ್ ಹೂಬರ್ ಒಂದು ಪ್ಯಾಂಟು ಕೈಗೆ ಕೊಟ್ಟರು. ತುಮಕೂರಿನಲ್ಲಿ ಟೈಲರ್ ಮಾವನ ಅಂಗಡಿಯಲ್ಲಿ ಹತ್ತು ವರ್ಷ ಮೆಷಿನ್ನು ತುಳಿದವಳು ನಾನು. ಕಣ್ಣು ಮಿಟುಕಿಸುವುದರಲ್ಲಿ ಮುಗಿಸಿ, ಇಸ್ತ್ರಿ ಮಾಡಿ, ಜಂಬದಿಂದ ಮುಂದಿಟ್ಟೆ. ಆಕೆ ಹೊರಗಡೆ ನೋಡಲೇ ಇಲ್ಲ. ಪ್ಯಾಂಟನ್ನು ತಿರುವಿ ಒಳಗಿನ ಹೊಲಿಗೆ ನೋಡಿ, ಬ್ಲೇಡಿನಿಂದ ಪೂರ್ತಿ ಬಿಚ್ಚಿ, "ಈಗ ಹೊಲಿ" ಎಂದರು. ಹೊಸಬರೇ, ಇದನ್ನು ನೆನಪಿಡಿ. ನಾವು ಬಟ್ಟೆಯ ಹೊರಗು ನೋಡುತ್ತೇವೆ, ಇವರು ಒಳಗು ನೋಡುತ್ತಾರೆ. ಮನುಷ್ಯರ ವಿಷಯಕ್ಕೆ ಬಂದರೆ ಇಬ್ಬರೂ ಹೊರಗನ್ನೇ ನೋಡುತ್ತೇವೆ, ಆ ಮಾತು ಬೇರೆ.

ನನ್ನ ಜರ್ಮನ್ ಭಾಷೆ ಐದು ಮಾತಿನದು: ಗಿಡ್ಡ, ಉದ್ದ, ಬಿಗಿ, ಸಡಿಲ, ಶುಕ್ರವಾರ. ಈ ಐದರಲ್ಲಿ ಮೂವತ್ತು ವರ್ಷ ಬಾಳ್ವೆ ಮಾಡಿದೆ. ಭಾಷೆ ಕಲಿಯಲು ಕ್ಲಾಸಿಗೆ ಹೋಗಿ ಸರ್ಟಿಫಿಕೇಟು ತಂದವರು ಎಷ್ಟೋ ಜನ ಇನ್ನೂ ಬಾಯಿ ಬಿಡುವುದಿಲ್ಲ.

ತಪ್ಪೇ ಮಾಡಿಲ್ಲ ಎನ್ನುವ ಹೊಲಿಗೆಯವಳು ಬಟ್ಟೆಯನ್ನೇ ಮುಟ್ಟಿರುವುದಿಲ್ಲ. ನನ್ನ ಬಾವುಟದ ತಪ್ಪು ಕೇಳಿ. ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದಿತ್ತು, ಹೊಸಬಳು ಎಂಬ ನೆಪವೂ ಇಲ್ಲ. ಸೇನೆಯವರು ತೋಳಿಗೆ ಹಚ್ಚಲು ಸಣ್ಣ ಬಾವುಟಗಳನ್ನು ತಂದರು. ನೋಡುತ್ತೇನೆ, ಎಲ್ಲವೂ ಉಲ್ಟಾ! ನಕ್ಷತ್ರಗಳು ಎಡಗಡೆ ಇರಬೇಕು, ಬಲಗಡೆ ಇವೆ. ಅಯ್ಯೋ ಪಾಪ, ಅಷ್ಟು ದೊಡ್ಡ ದೇಶಕ್ಕೆ ನೆಟ್ಟಗೆ ಬಾವುಟ ಅಚ್ಚು ಹಾಕಿಸಲು ಗತಿ ಇಲ್ಲವೇ ಎಂದು ಮರುಗಿದೆ. ಡಬ್ಬಿಯಲ್ಲಿದ್ದ ಹಳೆಯ "ಸರಿಯಾದ" ಬಾವುಟಗಳನ್ನು ಹುಡುಕಿ ಹನ್ನೆರಡು ಅಂಗಿಗಳ ಬಲತೋಳಿಗೆ ಹೊಲಿದೆ. ನನ್ನ ಹೊಲಿಗೆ ಗೊತ್ತಲ್ಲ, ಬಟ್ಟೆ ಹರಿದರೂ ಅದು ಬಿಡುವುದಿಲ್ಲ. ಮಾರನೆಯ ದಿನ ಒಬ್ಬ ಸಾರ್ಜೆಂಟ್ ಬಂದು ಬಹಳ ಮರ್ಯಾದೆಯಿಂದ ವಿವರಿಸಿದ. ಸೈನಿಕ ಮುಂದಕ್ಕೆ ನುಗ್ಗುವಾಗ ಬಾವುಟವೂ ಗಾಳಿಯಲ್ಲಿ ಮುಂದಕ್ಕೆ ಹೋಗುತ್ತಿರುವಂತೆ ಕಾಣಬೇಕು, ಅದಕ್ಕೇ ಬಲತೋಳಿನದು ಉಲ್ಟಾ. "ನೀವು ನನ್ನ ಹನ್ನೆರಡು ಜನರನ್ನ ಯುದ್ಧಕ್ಕೆ ಮುಂಚೇನೇ ಹಿಂದಕ್ಕೆ ಓಡಿಸಿದೀರಿ, ಮೇಡಂ." ಫ್ರಾವ್ ಹೂಬರ್ ಆ ದಿನ ಬೈದ ಒಂದು ಮಾತನ್ನು ಎಷ್ಟೋ ವರ್ಷದ ಮೇಲೆ ಗೌರಿಗೆ ಹೇಳಿ ಅರ್ಥ ಕೇಳಿದೆ. "ಅಜ್ಜಿ, ಅದನ್ನ ನಾನು ಹೇಳಲ್ಲ" ಎಂದಿತು ಮಗು.

ಈಗಿನ ಕೆಲಸದ ರೀತಿ ಬೇರೆ. ಬಿಲ್ಲೆಗಳು ಪರಪರ ಎಂದು ಅಂಟಿಕೊಳ್ಳುತ್ತವೆ, ಹೊಲಿಗೆ ಬೇಡ. ಅಂಚು ಮಡಿಸಲು ಅಂಟಿನ ಪಟ್ಟಿ ಇದೆ, ಇಸ್ತ್ರಿ ಇಟ್ಟರೆ ಮುಗಿಯಿತು, ಮೂರು ಸಲ ಒಗೆದರೆ ಅದೂ ಮುಗಿಯಿತು. ಗಿರಾಕಿಗಳು ಫೋನಿನಲ್ಲಿ ಟೆರ್ಮಿನ್ ತೆಗೆದುಕೊಂಡು ಬರುತ್ತಾರೆ. ಗುಂಡಿ ಹಾಕಿಸಲೂ ಡಾಕ್ಟರ ಹಾಗೆ ಟೈಮು! ಒಬ್ಬ ಹುಡುಗ ತನ್ನ ಅಳತೆಯನ್ನು ಫೋಟೊ ತೆಗೆದು ಕಳಿಸಿದ. ಹೊಟ್ಟೆಯನ್ನು ಒಳಗೆಳೆದುಕೊಂಡು ತೆಗೆದ ಫೋಟೊ. ಅದೇ ಅಳತೆಗೆ ಹೊಲಿದುಕೊಟ್ಟೆ. ಉಸಿರು ಬಿಡಲಾಗದೆ ವಾಪಸ್ ಬಂದ.

ಇನ್ನು ಡೆಲೋರಿಸ್ ವಿಷಯ.

ಸೇರಿ ಎರಡು ಮೂರು ವರ್ಷ ಆಗಿತ್ತು. ಬೋಸ್ನಿಯಾದ ಯುದ್ಧದಿಂದ ಓಡಿಬಂದ ಜನರನ್ನು ಊರಾಚೆಯ ಹಳೇ ಹಾಸ್ಟೆಲಿನಲ್ಲಿ ಇಟ್ಟಿದ್ದರು. ಅಕ್ಟೋಬರಿನ ಒಂದು ಬೆಳಿಗ್ಗೆ ಎತ್ತರದ, ಕಪ್ಪು ಬಣ್ಣದ ಒಬ್ಬ ಹೆಂಗಸು ಎರಡು ಮೂಟೆ ಹೊತ್ತುಕೊಂಡು ಒಳಗೆ ಬಂದಳು. ನಾನು ಏನು ಮಾಡಿದೆ ಗೊತ್ತೆ? ಗಲ್ಲಾದ ಡ್ರಾಯರನ್ನು ಮೆಲ್ಲಗೆ ತಳ್ಳಿ ಮುಚ್ಚಿದೆ. ನಾನೇ ಹಾಲಿನಲ್ಲಿ ಅದ್ದಿ ತೆಗೆದವಳಂತೆ. ಅವಳು ನೋಡಿದಳು. ಆಮೇಲೆ ಬೀಗಿತಿಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ದಿನ, ಹಬ್ಬದ ಊಟ ಬಡಿಸುವಾಗ, "ಜೇ, ಈವತ್ತು ಡ್ರಾಯರ್ ಮುಚ್ಚಿದೀಯ ತಾನೇ?" ಎಂದಳು. ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಅವಳು ಶಿಬಿರದ ಶಾಲೆಯಲ್ಲಿ ಟೀಚರು. ಅವಳದೊಂದು ಅಕ್ಕತಂಗಿಯರ ಕೂಟ. ಸೊರಾರಿಟಿ ಅನ್ನುತ್ತಾರೆ. ನೂರು ವರ್ಷಕ್ಕೂ ಹಿಂದೆ, ಅಮೆರಿಕದಲ್ಲಿ ಕಪ್ಪು ಜನರಿಗೆ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ, ಕಾಲೇಜು ಓದುತ್ತಿದ್ದ ಕೆಲವು ಕಪ್ಪು ಹುಡುಗಿಯರು ಕಟ್ಟಿಕೊಂಡದ್ದು. ಓದಿದ್ದು ನಮಗೆ ಮಾತ್ರ ಅಲ್ಲ, ಓದು ಸಿಕ್ಕದವರಿಗೂ ಅದರಿಂದ ಏನಾದರೂ ಆಗಬೇಕು ಅಂತ. ಒಮ್ಮೆ ಸೇರಿದರೆ ಸಾಯುವವರೆಗೆ ಬಿಡುವಂತಿಲ್ಲ. ಎಲ್ಲಿ ಹೋದರೂ ನಾಲ್ಕು ಜನ ಸಿಕ್ಕಿದರೆ ಒಂದು ಶಾಖೆ. ಇಲ್ಲಿಯೂ ಸೇನೆಯ ಡಾಕ್ಟರು, ನರ್ಸು, ಟೀಚರು, ಸೈನಿಕರ ಹೆಂಡಂದಿರು ಸೇರಿ ಮಾಡಿಕೊಂಡರು. ಬಿ.ಪಿ. ನೋಡುವುದು, ನಿರಾಶ್ರಿತ ಮಕ್ಕಳಿಗೆ ಓದಿಸುವುದು, ಬಡ ಹುಡುಗಿಯರ ಕಾಲೇಜಿಗೆ ದುಡ್ಡು ಹೊಂದಿಸುವುದು. ನಮ್ಮಲ್ಲೂ ಸಂಘ ಇದೆ ಅನ್ನಿ. ನಾವೂ ಸೇವೆ ಮಾಡುತ್ತೇವೆ. ವರ್ಷಕ್ಕೆರಡು ಸಲ ಬಿಸಿಬೇಳೆಬಾತು ಮಾಡಿ ನಾವೇ ತಿನ್ನುತ್ತೇವೆ.

ಮೂಟೆಯಲ್ಲಿದ್ದದ್ದು ಯಾರ್ಯಾರೋ ದಾನ ಕೊಟ್ಟ ಹಳೇ ಚಳಿಗಾಲದ ಕೋಟುಗಳು. "ಗುಂಡಿ ಹಾಕಿಕೊಡಬೇಕಾ?" ಎಂದೆ.

"ಗುಂಡಿ ಅಲ್ಲ. ಹಾಸ್ಟೆಲಿನ ಹೆಂಗಸರು ಒಬ್ಬೊಬ್ಬರೇ ಬರ್ತಾರೆ. ಅವರವರ ಮೈಗೆ ಅಳತೆ ತಗೊಂಡು ಸರಿ ಮಾಡ್ಬೇಕು. ಹೊಲಿಗೆಯ ಖರ್ಚು ನಮ್ಮ ಕೂಟದ್ದು."

ನಾವು ಆಡುವ ಭಾಷೆಗೆ ಹೆಸರಿಲ್ಲ. ಅರ್ಧ ಇಂಗ್ಲಿಷು, ಅರ್ಧ ಜರ್ಮನ್ನು, ಉಳಿದದ್ದು ಕೈ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಧರ್ಮಕ್ಕೆ ಕೊಟ್ಟ ಹಸುವಿಗೆ ಹಲ್ಲು ಎಣಿಸಬಾರದು ಎಂದು ಕೇಳಿದ್ದೆವು, ಇವಳು ಧರ್ಮಕ್ಕೆ ಕೊಡುವ ಕೋಟಿಗೆ ಅಳತೆ ಟೇಪು ಹಿಡಿಸುತ್ತಾಳಲ್ಲ ಎಂದುಕೊಂಡೆ. ಫ್ರಾವ್ ಹೂಬರ್‌ಗೂ ರೇಗಿತು. ಕೆಸರು ಬೂಟಿನ ಹೆಂಗಸರು, ಅವರ ಮಕ್ಕಳು ಎಲ್ಲ ಟ್ರಯಲ್ ರೂಮಿಗೆ ನುಗ್ಗಿದರೆ ಬೇರೆ ಗಿರಾಕಿಗಳು ಏನೆನ್ನುತ್ತಾರೆ? "ಹಿಂದಿನ ಕೋಣೇಲಿ ಅಳತೆ ತಗೊಳ್ಳಿ. ಟ್ರಯಲ್ ರೂಮು ಬೇಡ" ಎಂದರು.

ಡೆಲೋರಿಸ್ ಕೂತುಕೊಂಡಳು. ಅವಳು ನಿಂತು ಮಾತಾಡಿದರೆ ಜಗಳ, ಕೂತು ಮಾತಾಡಿದರೆ ಅದಕ್ಕಿಂತ ಕಷ್ಟ ಎಂದು ಆಮೇಲೆ ತಿಳಿಯಿತು.

"ನಮ್ಮೂರಿನ ದೊಡ್ಡ ಅಂಗಡೀಲಿ ಕಪ್ಪು ಜನ ಬಟ್ಟೆ ಹಾಕ್ಕೊಂಡು ನೋಡೋ ಹಾಗಿರಲಿಲ್ಲ, ಫ್ರಾವ್ ಹೂಬರ್. ದುಡ್ಡು ತಗೋತಿದ್ರು. ಟ್ರಯಲ್ ಇಲ್ಲ, ವಾಪಸ್ ತಗೊಳ್ಳೋದೂ ಇಲ್ಲ. ನಮ್ಮಮ್ಮ ಎರಡು ವರ್ಷ ಕೂಡಿಟ್ಟು ಚರ್ಚಿಗೆ ಅಂತ ಒಂದು ಕೋಟು ತಂದ್ಲು. ಹೆಗಲು ಬಿಗಿ. ಸಾಯೋವರೆಗೂ ಅದನ್ನೇ ಹಾಕಿದ್ಲು. ದೇವರನ್ನ ಹಾಡೋವಾಗ ಎಲ್ರೂ ಎರಡೂ ಕೈ ಎತ್ತೋರು. ನಮ್ಮಮ್ಮನ ಕೈ ಇಷ್ಟೇ ಏಳ್ತಿತ್ತು." ತನ್ನ ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದಳು.

ಫ್ರಾವ್ ಹೂಬರ್ ಒಳಗೆ ಹೋಗಿ ಸುಮ್ಮಸುಮ್ಮನೆ ಇಸ್ತ್ರಿ ಪೆಟ್ಟಿಗೆ ಸದ್ದು ಮಾಡಿದರು. ಮಾರನೆಯ ಬೆಳಿಗ್ಗೆ ನಾನು ಅಂಗಡಿ ತೆರೆದಾಗ ಟ್ರಯಲ್ ರೂಮಿಗೆ ಹೊಸ ಪರದೆ ಬಂದಿತ್ತು, ಒಳಗೆ ಮಗುವನ್ನು ಕೂರಿಸಲು ಒಂದು ಸ್ಟೂಲು. ಯಾರು ಹಾಕಿದ್ದು ಎಂದು ಕೇಳಿದೆ. "ನಿನಗೆ ಕೆಲಸ ಇಲ್ವಾ?" ಎಂದರು. ಯಜಮಾನಿಯರ ಬಗ್ಗೆ ಬರೆಯುವಾಗ ಇಂಥ ವಿಷಯ ಬಿಟ್ಟುಬಿಡುವುದು ವಾಡಿಕೆ. ನಾನು ಬಿಡುವುದಿಲ್ಲ.

ಅಂದಿನಿಂದ ಪ್ರತಿ ಅಕ್ಟೋಬರು ಕೋಟುಗಳು. ಬೋಸ್ನಿಯಾದವರು, ಆಮೇಲೆ ಸಿರಿಯಾದವರು, ಆಮೇಲೆ ಉಕ್ರೇನಿನವರು. ಅಳತೆ ತೆಗೆಯುವಾಗ ಕೈಗಳನ್ನು ಮೇಲೆತ್ತಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಎಷ್ಟೋ ಜನ ಹೆದರಿ ಎತ್ತುತ್ತಿದ್ದರು. ಎಲ್ಲಿಂದ ಬಂದವರೋ, ಯಾರು ಬಂದೂಕು ಹಿಡಿದು ಹಾಗೆ ಹೇಳಿದ್ದರೋ. ಕೊನೆಗೆ ಹೇಳುವುದು ಬಿಟ್ಟು ನಾನೇ ಎತ್ತಿ ತೋರಿಸುತ್ತಿದ್ದೆ. ನನ್ನನ್ನು ನೋಡಿ ಅವರೂ ಎತ್ತುತ್ತಿದ್ದರು. ಕನ್ನಡಿಯ ಮುಂದೆ ಇಬ್ಬರು ಹೆಂಗಸರು ಕೈ ಎತ್ತಿಕೊಂಡು ನಿಂತಿರುವುದನ್ನು ನೋಡಿ ಮಕ್ಕಳು ನಗುತ್ತಿದ್ದವು.

ಕೋಟಿನ ಮೂಟೆ ಹೊರಲು ಡೆಲೋರಿಸ್ ತನ್ನ ಮಗ ಮಾರ್ಕಸ್‌ನನ್ನು ಕರೆತರುತ್ತಿದ್ದಳು. ಗುಂಡುಸೂಜಿ ಕೊಡಲು ನಾನು ಶೈಲಾಳನ್ನು ಕರೆತರುತ್ತಿದ್ದೆ. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ಮದುವೆಯ ಸುದ್ದಿ ಕೇಳಿ ತುಮಕೂರಿನಿಂದ ನನ್ನ ತಂಗಿ ಫೋನಿನಲ್ಲಿ, "ಹುಡುಗ ಸ್ವಲ್ಪ ಬಣ್ಣ ಕಮ್ಮೀನಾ ಅಕ್ಕ?" ಎಂದಳು. "ಇಲ್ಲ ಕಣೇ, ಬಣ್ಣ ಜಾಸ್ತಿ. ನಿನ್ನ ಗಂಡನಿಗಿಂತ ಒಂದು ಕೈ ಕಮ್ಮಿ" ಎಂದೆ. ಮತ್ತೆ ಆ ಮಾತು ಬರಲಿಲ್ಲ.

ಗೌರಿ ಹುಟ್ಟಿದಳು. ಇಬ್ಬರು ಅಜ್ಜಿಯರ ಮಧ್ಯೆ ಬೆಳೆದಳು. ಈಗ ಯೇನಾ ಎಂಬ ಊರಿನಲ್ಲಿ ಬೆಳಕಿನ ವಿಜ್ಞಾನ ಓದುತ್ತಾಳೆ. ಮೊದಲ ಡಿಗ್ರಿ ಮುಗಿದು ಎರಡನೆಯದು ನಡೆಯುತ್ತಿದೆ. ಅವಳಿಗೆ ಚಿಕ್ಕಂದಿನಿಂದ ಒಂದೇ ಆಸೆ: ಡೆಲೋರಿಸ್ ಅಜ್ಜಿಯ ಕೂಟಕ್ಕೆ ಸೇರಬೇಕು. ಕನಕಾಂಬರದ ಬಣ್ಣದ ಸ್ಯಾಟಿನ್ ಜಾಕೆಟ್ಟು, ಎದೆಯ ಮೇಲೆ ಬಿಳಿಯ ಮೂರು ಗ್ರೀಕ್ ಅಕ್ಷರ. ಆ ಅಕ್ಷರಗಳನ್ನು ಕತ್ತರಿಸಿ ಜಾಕೆಟ್ಟಿಗೆ ಕೂರಿಸುತ್ತಿದ್ದವಳು ನಾನೇ. ಓದಲು ನನಗೂ ಬರದು, ಫ್ರಾವ್ ಹೂಬರ್‌ಗೂ ಬರದು. ಜೀವಮಾನದಲ್ಲಿ ಒಮ್ಮೆಯಾದರೂ ಒಂದು ಅಕ್ಷರದ ಮುಂದೆ ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಕೂತೆವು. ಸದಸ್ಯೆಯಲ್ಲದವಳು ಆ ಅಕ್ಷರ ತೊಡುವಂತಿಲ್ಲ. ಮಗಳಾದರೂ ಇಲ್ಲ, ಗಂಡನಾದರೂ ಇಲ್ಲ. ಅದಕ್ಕೇ ಅಂಗಡಿಗೂ ಒಂದು ನಿಯಮ: ಸದಸ್ಯೆಯ ಸಹಿ ಇರುವ ಚೀಟಿ ಇಲ್ಲದೆ ಅಕ್ಷರ ಹೊಲಿಯಬಾರದು. ಇಪ್ಪತ್ತೈದು ವರ್ಷ ಒಂದು ಸಲವೂ ನಾನು ತಪ್ಪಲಿಲ್ಲ.

ನಾನು ನಿವೃತ್ತಿಯಾಗುವ ಕೊನೆಯ ತಿಂಗಳು ಗೌರಿ ಬಂದು ಕಿವಿಯಲ್ಲಿ ಹೇಳಿದಳು: "ಅಜ್ಜಿ, ನಾನು ಅಪ್ಲೈ ಮಾಡಿದೀನಿ. ಇನ್ನೂ ಡಿಸೈಡ್ ಆಗಿಲ್ಲ. ಯಾರಿಗೂ ಹೇಳ್ಬೇಡ. ಪ್ಲೀಸ್, ಅಜ್ಜಿ."

ಆ ಕೂಟದಲ್ಲಿ ಅದು ದೊಡ್ಡ ವಿಷಯವಂತೆ. ಸೇರುವ ಮೊದಲೇ ಸೇರಿದೆ ಎಂದು ಕೊಚ್ಚಿಕೊಳ್ಳುವವಳನ್ನು ಅವರು ಸೇರಿಸಿಕೊಳ್ಳುವುದಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಬೇಕರಿಯವಳು, ಅಂಚೆಯವನು, ತಂಗಿ, ಕೆಳಗಿನ ಮನೆಯ ಕಿವಿ ಕೇಳದ ಅಜ್ಜ, ಇಷ್ಟು ಜನ ಬಿಟ್ಟು.

ಬಾಯಿಯನ್ನಾದರೂ ಹೇಗೋ ಕಟ್ಟಬಹುದು, ಕೈಯನ್ನು ಕಟ್ಟಲಾಗುವುದಿಲ್ಲ. ಡ್ರಾಯರಿನಲ್ಲಿ ಕನಕಾಂಬರದ ಬಣ್ಣದ ಸ್ಯಾಟಿನ್ ಮಿಕ್ಕಿತ್ತು. ಮಗುವಿನ ಅಳತೆ ನನ್ನ ಬೆರಳಲ್ಲೇ ಇದೆ. ಆಮೇಲೆ ನಿವೃತ್ತಿಯಾದರೆ ಮೆಷಿನ್ನು ಸಿಗುತ್ತದೋ ಇಲ್ಲವೋ. ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ಹೊಲಿದೆ. ಒಳಗೆ ಬಿಳಿ ಅಸ್ತರು, ಎದೆಗೆ ಮೂರು ಅಕ್ಷರ. ಹೊರಗೂ ಒಳಗೂ ಒಂದೇ ಥರ ಕಾಣುವ ಹೊಲಿಗೆ. ಫ್ರಾವ್ ಹೂಬರ್ ನೋಡಿದ್ದರೆ ಬೈಯಲು ಏನೂ ಸಿಗುತ್ತಿರಲಿಲ್ಲ. ಶನಿವಾರ ಗೌರಿಯನ್ನು ಅಂಗಡಿಗೆ ಕರೆದೆ.

"ಹಾಕ್ಕೊಳ್ಳೇ, ತೋಳು ಸರಿ ಇದ್ಯಾ ನೋಡ್ತೀನಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅಜ್ಜಿ! ನೈನ್, ಬೇಡ! ನಾನಿನ್ನೂ ಮೆಂಬರ್ ಅಲ್ಲ."

"ಒಂದು ನಿಮಿಷ ಕಣೇ. ಪರದೆ ಎಳೀತೀನಿ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ" ಎಂದಳು. ಮುಟ್ಟಲೂ ಇಲ್ಲ. "ಬಿಚ್ಚಿಬಿಡು ಅಜ್ಜಿ, ಈಗ್ಲೇ" ಎಂದು ಹೇಳಿ ಯೇನಾದ ರೈಲಿಗೆ ಹೊರಟುಹೋದಳು.

ಬಿಚ್ಚುವವಳಿದ್ದೆ. ಆದರೆ ತೋಳು ಹೇಗೆ ಬೀಳುತ್ತದೆ ಎಂದು ಒಂದು ಸಲ ನೋಡೋಣ ಅಂತ ಬೊಂಬೆಗೆ ಹಾಕಿದೆ. ಚೆನ್ನಾಗಿ ಬೀಳುತ್ತಿತ್ತು. ಬೆಳಕಿನಲ್ಲಿ ನೋಡೋಣ ಎಂದು ಬೊಂಬೆಯನ್ನು ಕಿಟಕಿಯ ಹತ್ತಿರ ತಳ್ಳಿದೆ. ಬಾಗಿಲ ಗಂಟೆ ಆಯಿತು. ಒಳಗೆ ಬಂದದ್ದು ವಿವಿಯನ್. ಸೇನೆಯಲ್ಲಿ ಕ್ಯಾಪ್ಟನ್, ಕೂಟದ ಈಗಿನ ಅಧ್ಯಕ್ಷೆ. ನಗುವನ್ನು ಕೂಡ ಇಸ್ತ್ರಿ ಮಾಡಿಯೇ ಹೊರಗೆ ತರುವ ಹೆಂಗಸು. ಆ ದಿನ ಅದನ್ನೂ ತಂದಿರಲಿಲ್ಲ.

"ಇದು ಯಾರದು?"

"ನನ್ನ ಮೊಮ್ಮಗಳದು."

"ಚೀಟಿ ಎಲ್ಲಿ?"

ಒಳಕೋಣೆಯ ಬಾಗಿಲಲ್ಲಿ ಫ್ರಾವ್ ಹೂಬರ್ ಬಂದು ನಿಂತಿದ್ದರು. ಇಪ್ಪತ್ತೈದು ವರ್ಷ ಚೀಟಿ ಇಲ್ಲದೆ ಸೂಜಿ ಎತ್ತದವಳು ಎಂಬ ಹೆಸರು ನನಗಿದ್ದ ಒಂದೇ ಆಸ್ತಿ. ಕೆಲಸ ಬಿಡಲು ಇನ್ನು ಎಂಟು ದಿನ. ನನ್ನ ಬಾಯಿಂದ ಬಂದದ್ದು ಇದು:

"ಗೌರಿ ಕೇಳಿದ್ಲು. ಅದಕ್ಕೇ ಹೊಲಿದೆ."

ವಿವಿಯನ್ ಜಾಕೆಟ್ಟನ್ನೇ ಒಂದು ಕ್ಷಣ ನೋಡಿ, "ಹಾಗಾ" ಎಂದು ಹೊರಟುಹೋದಳು.

ಮನೆಗೆ ಬಂದು ನಡೆದದ್ದನ್ನು ಅರ್ಧ ಹೇಳಿದೆ, ಜಾಕೆಟ್ಟು ಸಿಕ್ಕಿಬಿದ್ದ ಅರ್ಧ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಇತ್ತು. ಹೊಲಿದೋಳು ಯಾರು ಅಂತ ಇವತ್ತು ಗೊತ್ತಾಯ್ತು" ಎಂದರು. ಉಳಿದ ಅರ್ಧ ಹೇಳಿದ್ದರೆ ನಗುತ್ತಿರಲಿಲ್ಲ.

ಮೂರು ದಿನ ಕಳೆಯಿತು. ಡೆಲೋರಿಸ್ ಮನೆಗೆ ಬಂದಳು. ಬಂದು ಕೂತುಕೊಂಡಳು. ಅವಳು ಕೂತದ್ದು ನೋಡಿಯೇ ನಾನು ಒಲೆ ಆರಿಸಿ ಬಂದೆ.

"ವಿವಿಯನ್ ಗೌರಿಗೆ ಫೋನ್ ಮಾಡಿದ್ಲು, ಜೇ. ಜಾಕೆಟ್ ನೀನೇ ಹೊಲಿಸ್ಕೊಂಡೆಯಾ ಅಂತ ಕೇಳಿದ್ಲು. ಮಗು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. 'ಅಜ್ಜಿ ಏನು ಹೇಳಿದಾರೋ ಅದಕ್ಕೆ ನಾನು ಏನೂ ಸೇರಿಸಲ್ಲ' ಅಂದ್ಲಂತೆ. ಈ ವರ್ಷದ ಪಟ್ಟಿಯಿಂದ ತೆಗೀತಾರೆ ಅನ್ಸುತ್ತೆ. ಒಮ್ಮೆ ತೆಗೆದ್ರೆ ಮತ್ತೆ ಕರೆಯೋದು ಕಷ್ಟ. ನಾನು ಅವಳ ಅಜ್ಜಿ, ಮೀಟಿಂಗಲ್ಲಿ ಬಾಯಿ ಹಾಕೋ ಹಾಗಿಲ್ಲ." ಆಮೇಲೆ ಕೇಳಿದಳು: "ಜೇ, ಅವಳು ನಿನ್ನ ಕೇಳಿದ್ಲಾ?"

ಕೇಳಿರಲಿಲ್ಲ. ಬೇಡ ಎಂದಿದ್ದಳು. ಬೇಡ ಎಂದವಳ ತಲೆಗೆ ನಾನು ಕಟ್ಟಿದೆ. ಅದು ಗೊತ್ತಿದ್ದೂ ಆ ಹುಡುಗಿ ನನ್ನ ಮಾನವನ್ನು ತನ್ನ ಬಾಯಲ್ಲಿ ಮುಚ್ಚಿಟ್ಟುಕೊಂಡಳು. ಡೆಲೋರಿಸ್‌ಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ?" ಎಂದಳು.

ಬುಧವಾರ ಬಸ್ಸು ಹಿಡಿದು ಊರಾಚೆಯ ನಿರಾಶ್ರಿತರ ಹಾಸ್ಟೆಲಿಗೆ ಹೋದೆ. ನಿರಾಶ್ರಿತ ಮಕ್ಕಳಿಗೆ ಆ ಕೂಟದವರು ಓದಿಸುವ ಹೊತ್ತು. ಓದು ನಡೆಯುವಾಗ ಯಾರೂ ಮಾತಾಡಿಸಬಾರದು ಎಂದು ನನ್ನನ್ನು ಹಿಂದೆ ಕೂರಿಸಿದರು. ಕೂರಿಸಿದ್ದು ಆರು ವರ್ಷದ ಮಕ್ಕಳ ಕುರ್ಚಿಯಲ್ಲಿ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮುಂದೆ ವಿವಿಯನ್ ಒಂದು ಮಗುವಿನ ಬೆರಳು ಹಿಡಿದು ಸಾಲಿನ ಕೆಳಗೆ ಓಡಿಸುತ್ತಿದ್ದಳು. ಅದು ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ. ನಾಲ್ಕನೇ ಕ್ಲಾಸಿನಲ್ಲಿ ನಾನು ತಪ್ಪಿದಾಗ ಮೇಷ್ಟ್ರು ಬೆರಳಿಗೇ ಹೊಡೆದಿದ್ದರು, ನಾನು ಮರುದಿನದಿಂದ ಹೋಗಲಿಲ್ಲ. ಅಲ್ಲಿ ಕೂತು ಅದೆಲ್ಲ ನೆನಪಾಗಿ, ಬಂದ ಕೆಲಸ ಮರೆತು, ಆ ಮಗು ಸಾಲು ಮುಗಿಸಿದಾಗ ಚಪ್ಪಾಳೆ ತಟ್ಟಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು.

ಕೊನೆಗೆ ವಿವಿಯನ್ ನನ್ನ ಮುಂದೆ ಇನ್ನೊಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತಳು. ನಾನು ಐದು ಜರ್ಮನ್ ಮಾತಿನವಳು, ಇಂಗ್ಲಿಷು ಅಷ್ಟೂ ಇಲ್ಲ. ದಾರಿಯುದ್ದಕ್ಕೂ ಉರುಹೊಡೆದದ್ದೆಲ್ಲ ಬಸ್ಸಿನಲ್ಲೇ ಇಳಿದುಹೋಗಿತ್ತು. ಹೇಳಿದ್ದು ಇಷ್ಟೇ:

"ಗೌರಿ ನೋ ಆಸ್ಕ್. ಗೌರಿ ಸೇ ನೋ. ಗೌರಿ ನೋ ಟಚ್. ಐ ಸ್ಟಿಚ್. ಐ ಲೈ. ಮೈ ನೇಮ್ ಗುಡ್, ಗೌರಿ ನೇಮ್ ಬ್ಯಾಡ್. ನಾಟ್ ಕರೆಕ್ಟ್."

ಚೀಲದಿಂದ ಜಾಕೆಟ್ಟು ತೆಗೆದು ಕೊಟ್ಟೆ. ಅಕ್ಷರಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಒಂದು ತೂತೂ ಕಾಣದಂತೆ ಮಾಡಿದ್ದೆ. ಅವಳು ಅದನ್ನು ತಿರುವಿ ಒಳಗೆ ನೋಡಿದಳು. ಅಮೆರಿಕದವಳೊಬ್ಬಳು ಒಳಗು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇನ್ನು ನಮ್ಮ ಅಕ್ಷರದ ಕೆಲಸ ನಿಮ್ಮ ಅಂಗಡಿಗೆ ಬರಲ್ಲ. ಅರ್ಥ ಆಯ್ತಲ್ಲ?" ಎಂದಳು. "ಕೋಟುಗಳು ಬರ್ತವೆ. ಅದು ಬೇರೆಯವರ ಮೈಯ ವಿಷಯ." ಗೌರಿಯ ಬಗ್ಗೆ ಒಂದು ಮಾತಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಫ್ರಾವ್ ಹೂಬರ್‌ಗೂ ಹೇಳಿದೆ. ಆಕೆ ಅಕ್ಷರದ ಅಚ್ಚುಗಳ ಡಬ್ಬಿಯನ್ನು ಕಪಾಟಿನಿಂದ ತೆಗೆದು ನನ್ನ ಕೈಯಲ್ಲೇ ಕೂಟಕ್ಕೆ ವಾಪಸ್ ಕಳಿಸಿದರು. ನನ್ನ ಬೀಳ್ಕೊಡುಗೆ ಅದೇ. ರಶ್ಮಿ, ಆ ಜಾಕೆಟ್ಟುಗಳು ನಿನಗೆ ಸಿಗದಿರುವುದು ಇದಕ್ಕೆ. ಒಳ್ಳೆಯ ಕೆಲಸ ಅದು, ಕೈ ಪಳಗುತ್ತಿತ್ತು. ನನ್ನನ್ನು ಬೈದುಕೋ.

ಐದು ವಾರ. ಶೈಲಾ ನನ್ನ ಜೊತೆ ಮಾತು ಬಿಟ್ಟಳು. ಗೌರಿ ಮಾತ್ರ ಪ್ರತಿ ಭಾನುವಾರ ಫೋನ್ ಮಾಡಿ, ಊಟ ಆಯ್ತಾ, ಮೊಣಕಾಲು ಹೇಗಿದೆ, ಅಷ್ಟೇ ಕೇಳುತ್ತಿದ್ದಳು. ಆರನೆಯ ವಾರ ಬುಧವಾರವೇ ಫೋನ್ ಬಂತು.

"ಅಜ್ಜಿ."

"ಹೂಂ."

"ಅಜ್ಜಿ, ತಗೊಂಡ್ರು."

ಆಮೇಲೆ ನಾನು ಏನು ಕೂಗಿದೆನೋ, ಕೆಳಗಿನ ಮನೆಯ ಕಿವಿ ಕೇಳದ ಅಜ್ಜ ಮೇಲೆ ಬಂದು ಬಾಗಿಲು ತಟ್ಟಿ, ಯಾರಾದರೂ ಸತ್ತರೇ ಎಂದು ಕೇಳಿದ.

ಸೇರಿಸಿಕೊಳ್ಳುವ ಶಾಸ್ತ್ರ ಒಳಗೆ, ಬಾಗಿಲು ಹಾಕಿಕೊಂಡು. ತಾಯಿಗೂ ಪ್ರವೇಶ ಇಲ್ಲ, ಅಜ್ಜಿಗೆ ಮೊದಲೇ ಇಲ್ಲ. ನಾನು ಮೊಳಕಾಲ್ಮೂರು ಸೀರೆ ಉಟ್ಟು ಹೊರಗಿನ ಕಾರ್ ನಿಲ್ದಾಣದಲ್ಲಿ ಎರಡು ಗಂಟೆ ನಿಂತೆ. ಬಾಗಿಲು ತೆರೆದಾಗ ಗೌರಿ ಅಮೆರಿಕದಿಂದ ತರಿಸಿದ ಜಾಕೆಟ್ಟಿನಲ್ಲಿ ಬಂದಳು. ತೋಳು ಎರಡು ಬೆರಳು ಉದ್ದ, ಹೆಗಲು ಇಳಿದಿದೆ, ಅಕ್ಷರದ ಹೊಲಿಗೆಯಂತೂ ಮೆಷಿನ್ನಿನ ಮಗ ಹೊಲಿದದ್ದು. ಇಷ್ಟು ಚೆಂದದ ಜಾಕೆಟ್ಟನ್ನು ನನ್ನ ಎಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಡೆಲೋರಿಸ್ ನನ್ನ ಹೆಗಲು ಹಿಡಿದುಕೊಂಡಳು. ಅತ್ತದ್ದು ಅವಳು. ನಾನಲ್ಲ ಎಂದು ಬರೆಯಬೇಕೆಂದಿದ್ದೆ, ಶೈಲಾ ಬಿಡಲಿಲ್ಲ.

ವಿವಿಯನ್ ಹತ್ತಿರ ಬಂದು, "ಶನಿವಾರ ಒಂಬತ್ತಕ್ಕೆ ಅಂಗಡಿಯಲ್ಲಿ ಕೋಟುಗಳಿವೆ. ನಲವತ್ತು" ಎಂದಳು.

ನಾನು ಎದೆಯುಬ್ಬಿಸಿ, "ಐ ಕಮ್. ನನ್ನ ಕತ್ತರಿ ತರ್ತೀನಿ" ಎಂದೆ.

"ನಿಮಗಲ್ಲ, ಹೇಳಿದ್ದು ಗೌರಿಗೆ. ನೀವು ರಿಟೈರ್ ಆಗಿದೀರಿ."

ಅವಳು ಹೋದ ಮೇಲೆ ಗೌರಿ ನನ್ನ ಸೆರಗು ಹಿಡಿದು ಎಳೆದು ಪಿಸುಗುಟ್ಟಿದಳು: "ಅಜ್ಜಿ, ಶನಿವಾರ ಎಲ್ಲರೂ ಹೊಲೀಬೇಕಂತೆ. ನಂಗೆ ಸೂಜಿಗೆ ದಾರ ಹಾಕೋಕೂ ಬರಲ್ಲ!"

ಬೆಳಕಿನ ಕಿರಣವನ್ನು ಕೂದಲಿಗಿಂತ ತೆಳ್ಳಗೆ ಮಾಡಬಲ್ಲಳಂತೆ ಯೇನಾದಲ್ಲಿ. ಶುಕ್ರವಾರ ಮಧ್ಯಾಹ್ನ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಅವಳ ತಾತನ ಮೂರು ಹಳೇ ಪ್ಯಾಂಟು ಮುಂದೆ ಹಾಕಿದೆ. ಮೊದಲನೆಯದರಲ್ಲಿ ಪ್ಯಾಂಟಿನ ಕಾಲನ್ನು ತನ್ನ ಲಂಗಕ್ಕೇ ಸೇರಿಸಿ ಹೊಲಿದುಕೊಂಡಳು. ಎರಡನೆಯದು ಹಾವಿನ ಹಾಗೆ ಹರಿಯಿತು. ಮೂರನೆಯದನ್ನು ನನ್ನ ಕೈಗೆ ಕೊಟ್ಟು ಉಸಿರು ಬಿಗಿಹಿಡಿದು ನಿಂತಳು.

ತಿರುವಿ ನೋಡಿದೆ. ಹೊರಗೂ ನೆಟ್ಟಗಿತ್ತು, ಒಳಗೂ ನೆಟ್ಟಗಿತ್ತು.

"ಬಿಚ್ಚಿ ಇನ್ನೊಂದ್ಸಲ ಹೊಲಿ" ಎಂದೆ. ಇನ್ನೊಂದು ಗಂಟೆ ನನ್ನ ಪಕ್ಕದಲ್ಲಿ ಕೂತಿರಲಿ ಅಂತ.